ಧಾರವಾಡದಲ್ಲಿ ಕೂತು ಬೆಂಗಳೂರಿನ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದುಗಿನವಳು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿ, 2021ರ ಆಗಸ್ಟಿನಲ್ಲಿ ಗಂಡ, ಮಗಳು, ಅತ್ತೆಯವರೊಂದಿಗೆ ಧಾರವಾಡಕ್ಕೆ ಬಂದು ನೆಲೆಸಿದೆ. ಕಂಪನಿ ಅದೇ, ಸಂಬಳ ಅದೇ, ಕೂತು ಕೆಲಸ ಮಾಡುವ ಊರು ಮಾತ್ರ ಬೇರೆ. ಅವತ್ತಿನಿಂದ ಹಳೆಯ ಸಹೋದ್ಯೋಗಿಗಳು, ಅವರ ಗೆಳೆಯರು, ಗೆಳೆಯರ ತಮ್ಮಂದಿರು ಫೋನು ಮಾಡಿ ಕೇಳುತ್ತಲೇ ಇದ್ದಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಮಾತು ಹುಬ್ಬಳ್ಳಿ-ಧಾರವಾಡದ್ದಾದರೂ ದಾವಣಗೆರೆ, ಶಿವಮೊಗ್ಗ, ಬೆಳಗಾವಿಗೆ ಹೋಗುವವರಿಗೂ ಅಷ್ಟಿಷ್ಟು ಉಪಯೋಗವಾದೀತು.

ಎಲ್ಲರೂ ಮೈಸೂರು, ಮಂಗಳೂರು ಅಂತಾರೆ. ನೀವು ಧಾರವಾಡ ಯಾಕೆ ಆರಿಸಿದಿರಿ?

ಅತ್ತೆಯವರಿಗೆ ತಮ್ಮ ಕಡೆಯ ಮಾತು, ತಮ್ಮ ಕಡೆಯ ರೊಟ್ಟಿ ಬೇಕಿತ್ತು. ನನಗೆ ಸಂಜೆ ಬೇಕಿತ್ತು. ಬೆಂಗಳೂರಿನಲ್ಲಿ ಆಫೀಸು ಆರಕ್ಕೆ ಮುಗಿದರೂ ಮನೆ ಮುಟ್ಟುತ್ತಿದ್ದದ್ದು ಎಂಟಕ್ಕೆ. ಮಗಳು ಊಟ ಮಾಡಿ ಮಲಗುವ ಹೊತ್ತು. ಇಲ್ಲಿ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಆರೂಕಾಲಿಗೆ ಇಬ್ಬರೂ ಕೆಲಗೇರಿ ಕೆರೆಯ ದಂಡೆಯ ಮೇಲಿರುತ್ತೇವೆ. ಬಾಡಿಗೆ ಉಳಿಯುವುದೂ ನಿಜ. ಆದರೆ ಬಾಡಿಗೆಯ ಉಳಿತಾಯ ಒಂದನ್ನೇ ಲೆಕ್ಕ ಹಾಕಿ ಬಂದವರಲ್ಲಿ ಕೆಲವರು ಒಂದೇ ವರ್ಷದಲ್ಲಿ ವಾಪಸಾದದ್ದನ್ನು ಕಂಡಿದ್ದೇನೆ. ನೀರಿನ ತೊಂದರೆ, ಮಳೆಗಾಲದ ಕರೆಂಟು, ಗೆಳೆಯರಿಲ್ಲದ ಶನಿವಾರ, ಇವನ್ನೆಲ್ಲ ತಿಂಗಳಿಗೆ ಉಳಿಯುವ ಹದಿನೈದು ಸಾವಿರ ತುಂಬಿಕೊಡುವುದಿಲ್ಲ.

ಹುಬ್ಬಳ್ಳಿಯೋ, ಧಾರವಾಡವೋ?

ಮಹಾನಗರ ಪಾಲಿಕೆಯ ಹೆಸರಿನಲ್ಲಿ ಎರಡೂ ಬಹುಕಾಲ ಜೋಡಿಯಾಗಿಯೇ ಇದ್ದವು. ಆದರೆ ನಡುವೆ ಸುಮಾರು 20 ಕಿಲೋಮೀಟರ್ ಇದೆ, ಸ್ವಭಾವವೂ ಬೇರೆ. ಹುಬ್ಬಳ್ಳಿ ವ್ಯಾಪಾರದ ಊರು: ದೊಡ್ಡ ಅಂಗಡಿಗಳು, ರೈಲ್ವೆ ಜಂಕ್ಷನ್, ವಿಮಾನ ನಿಲ್ದಾಣ, ಸ್ಟಾರ್ಟಪ್‌ಗಳು ಎಲ್ಲ ಅಲ್ಲೇ. ಧಾರವಾಡ ಕಾಲೇಜು, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠಗಳ ಊರು. ಮರ ಹೆಚ್ಚು, ಗದ್ದಲ ಕಡಿಮೆ, ಮಳೆಯೂ ತುಸು ಹೆಚ್ಚು. ಮಲೆನಾಡಿನ ಸೆರಗು ಇಲ್ಲಿಂದಲೇ ಶುರು.

ತಿಂಗಳಿಗೆ ಎರಡು ಮೂರು ಸಲ ಪ್ರಯಾಣ ಇರುವವರು ಹುಬ್ಬಳ್ಳಿ ನೋಡಿ: ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆಯ ಆಸುಪಾಸು. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ, ವಯಸ್ಸಾದವರಿರುವ ಮನೆಗಳಿಗೆ ಧಾರವಾಡ ಒಳ್ಳೆಯದು: ಮಾಳಮಡ್ಡಿ, ಕಲ್ಯಾಣ ನಗರ, ನಾರಾಯಣಪುರ, ಸಾಧನಕೇರಿಯ ಕಡೆ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ತುಂಬಿಕೊಂಡಿರುವುದರಿಂದ ಒಂದೊಂದು ಕೋಣೆಗೂ ಬೇಡಿಕೆ. ಸಂಸಾರಕ್ಕೆ ಮನೆ ಸಿಗುವುದು ಕಷ್ಟ. ಒಂಟಿಯಾಗಿ ಬರುವವರಿಗೆ ಮಾತ್ರ ಅದೇ ಅನುಕೂಲ. ಊಟ, ಜೆರಾಕ್ಸು, ಚಹಾ ಎಲ್ಲ ಕಾಲಳತೆಯಲ್ಲಿ.

ಎರಡೂ ಊರಿನ ನಡುವೆ ಚಿಗರಿ ಬಸ್ಸು ಓಡುತ್ತದೆ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಬಿಆರ್‌ಟಿಎಸ್ ವ್ಯವಸ್ಥೆ ಅದು. ರಸ್ತೆಯ ನಡುವೆ ತನ್ನದೇ ಪ್ರತ್ಯೇಕ ದಾರಿ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇರುವವರು ಸ್ಕೂಟರಿನ ಗೊಡವೆಗೇ ಹೋಗುವುದಿಲ್ಲ.

ಬಾಡಿಗೆ, ಅಡ್ವಾನ್ಸ್ ಎಷ್ಟಾಗುತ್ತದೆ?

ನಾವು ಎರಡು ಬೆಡ್‌ರೂಮಿನ ಕೆಳಮನೆಗೆ ತಿಂಗಳಿಗೆ 11,000 ಕೊಡುತ್ತೇವೆ, ಅಡ್ವಾನ್ಸ್ 50,000 ಕೊಟ್ಟಿದ್ದೇವೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಯಾರೂ ಕೇಳಲಿಲ್ಲ. ಅಗ್ರಿಮೆಂಟ್ 11 ತಿಂಗಳದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಾನೂನಿನ ಪ್ರಕಾರ ನೋಂದಣಿ ಮಾಡಿಸಲೇಬೇಕಾದ್ದರಿಂದ ಎಲ್ಲ ಕಡೆ ಈ ಹನ್ನೊಂದರ ರೂಢಿ.

ಬಾಯಿಮಾತಿನಲ್ಲೇ ಮನೆ ಕೊಡುವ ಮಾಲೀಕರು ಇಲ್ಲಿ ಬಹಳ. "ನಂಬಿಕಿ ಮ್ಯಾಲೆ ನಡೀತದರಿ" ಅಂತಾರೆ. ನಂಬಿಕೆ ಇರಲಿ, ಕಾಗದವೂ ಇರಲಿ. ಬ್ಯಾಂಕು, ಗ್ಯಾಸು, ಕಂಪನಿಯ ವಿಳಾಸ ಬದಲಾವಣೆ, ತೆರಿಗೆ ವಿನಾಯಿತಿ, ಎಲ್ಲಕ್ಕೂ ಆ ಕಾಗದ ಬೇಕಾಗುತ್ತದೆ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರನ್ನೂ ಕಂಪನಿ ಕೇಳುತ್ತದೆ. ಅದನ್ನು ಮನೆ ಹಿಡಿಯುವಾಗಲೇ ಮಾತಾಡಿಕೊಳ್ಳಿ. ಮಾರ್ಚಿನಲ್ಲಿ ಹೋಗಿ ಕೇಳಿದರೆ ಮನಸ್ತಾಪ.

ಐದು ದಿನಕ್ಕೊಮ್ಮೆ ನೀರು ಬರುತ್ತದಂತೆ. ನಿಜವೇ?

ನಿಜ. ಮನೆ ಹುಡುಕುವವರು ಮೊದಲು ನೋಡಬೇಕಾದ್ದೂ ಇದನ್ನೇ.

ಅವಳಿ ನಗರಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯದಿಂದ. ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ ಊರಿಗೆ ಹರಿಸುತ್ತಾರೆ. ಹುಬ್ಬಳ್ಳಿಯ ಕೆಲವು ಭಾಗಕ್ಕೆ ನೀರಸಾಗರ ಕೆರೆಯ ನೀರೂ ಇದೆ. 2008ರಲ್ಲಿ ಎರಡೂ ಊರಿನ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಕೊಡುವ ಯೋಜನೆ ಶುರುವಾಗಿ ಚೆನ್ನಾಗಿಯೇ ನಡೆಯಿತು. ಆ ವಾರ್ಡುಗಳಲ್ಲಿ ಮನೆ ಸಿಕ್ಕರೆ ನಿಮ್ಮ ಅದೃಷ್ಟ. ಉಳಿದ ಕಡೆ ವಿಸ್ತರಣೆಯ ಕೆಲಸ ಇನ್ನೂ ಸಾಗಿದೆ. ನಮ್ಮ ಓಣಿಗೆ ಐದು ದಿನಕ್ಕೊಮ್ಮೆ, ಒಮ್ಮೊಮ್ಮೆ ಏಳನೆಯ ದಿನಕ್ಕೆ ನಳ ಬರುತ್ತದೆ. ಬಂದರೆ ಎರಡು ಮೂರು ತಾಸು.

ಮನೆ ನೋಡಲು ಹೋದಾಗ ಮಾಡ್ಯುಲರ್ ಕಿಚನ್ ನೋಡುವ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿ. ಎಷ್ಟು ಲೀಟರಿನದು, ಎಷ್ಟು ಮನೆಗಳಿಗೆ ಹಂಚಿಕೆ ಎಂದು ಕೇಳಿ. ನಾಲ್ಕು ಜನ, ತಲೆಗೆ ದಿನಕ್ಕೆ 120 ಲೀಟರಿನಂತೆ ಹಿಡಿದರೂ ಏಳು ದಿನಕ್ಕೆ 3,360 ಲೀಟರ್ ಆಗುತ್ತದೆ. 5,000 ಲೀಟರಿನ ಸಂಪು ಇದ್ದು, ಮೇಲೆ 1,000 ಲೀಟರಿನ ಟಾಕಿ ಇದ್ದರೆ ನಿಶ್ಚಿಂತೆ. ಅದೇ ಸಂಪನ್ನು ಮೂರು ಮನೆಯವರು ಹಂಚಿಕೊಂಡಿದ್ದರೆ ಆ ಮನೆ ಬಿಟ್ಟುಬಿಡಿ. ಬೋರ್‌ವೆಲ್ ಇದೆ ಎಂದರೆ ಒಂದು ಲೋಟ ನೀರು ತರಿಸಿ ಬಾಯಿಗೆ ಹಾಕಿಕೊಂಡು ನೋಡಿ. ಗಡುಸು ನೀರಿಗೆ ಬೇಳೆ ಬೇಯುವುದಿಲ್ಲ, ಗೀಸರ್ ಕಾಯಿಲ್ ಬೇಗ ಹಾಳಾಗುತ್ತದೆ.

ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ ಇದೆ. ನಳ ಬರುವ ಹೊತ್ತು ನಿಮ್ಮ ಮೀಟಿಂಗಿನ ಹೊತ್ತನ್ನು ನೋಡಿ ಬರುವುದಿಲ್ಲ. ಬಂದ ಹೊಸತರಲ್ಲಿ ಒಂದು ಬುಧವಾರ ಹನ್ನೊಂದು ಗಂಟೆಗೆ ಕ್ಲೈಂಟ್ ಎದುರು ಡೆಮೊ ಕೊಡುತ್ತಿದ್ದೆ. ಓಣಿಯಲ್ಲಿ "ನಳಾ ಬಂತ್ರೀ..." ಎಂಬ ಕೂಗು. ಮನೆಯಲ್ಲಿ ಅತ್ತೆಯವರೊಬ್ಬರೇ. ಅವರಿಗೆ ಸಂಪಿನ ವಾಲ್ವ್ ತಿರುಗಿಸಲು ಕೈಯಲ್ಲಿ ಶಕ್ತಿ ಸಾಲದು. ಡೆಮೊ ಮುಗಿಯುವಷ್ಟರಲ್ಲಿ ನಳವೂ ನಿಂತಿತ್ತು. ಆ ವಾರ 800 ರೂಪಾಯಿ ಕೊಟ್ಟು ಟ್ಯಾಂಕರ್ ತರಿಸಿದೆವು. ಆಮೇಲೆ ಪ್ಲಂಬರ್ ಕರೆಸಿ ಸಂಪಿಗೆ ಫ್ಲೋಟ್ ವಾಲ್ವ್ ಹಾಕಿಸಿದೆ. ನೀರು ಬಂದರೆ ತಾನೇ ತುಂಬುತ್ತದೆ, ತುಂಬಿದರೆ ತಾನೇ ನಿಲ್ಲುತ್ತದೆ. ಮಾಲೀಕರು ಅರ್ಧ ಖರ್ಚು ಕೊಟ್ಟರು. ಈ ಮನೆಯಲ್ಲಿ ಕೆಲಸಕ್ಕಾಗಿ ನಾನು ಮಾಡಿದ ಅತಿ ಉಪಯುಕ್ತ ಖರ್ಚು ಯಾವುದು ಎಂದು ಯಾರಾದರೂ ಕೇಳಿದರೆ ಲ್ಯಾಪ್‌ಟಾಪ್ ಮೇಜು, ಕುರ್ಚಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಇಂಟರ್ನೆಟ್ ಸರಿಯಾಗಿ ಸಿಗುತ್ತದೆಯೇ?

ಊರೊಳಗೆ ಫೈಬರ್ ಎಲ್ಲ ಕಡೆ ಇದೆ. ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಜೊತೆಗೆ ಓಣಿಯ ಕೇಬಲ್‌ನವರೂ ಕೊಡುತ್ತಾರೆ. ವೇಗದ ಬಗ್ಗೆ ಚಿಂತೆ ಬೇಡ. ವಿಡಿಯೊ ಕಾಲಿಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು, ಎಲ್ಲರೂ ಮಾರುವುದು ನೂರರ ಪ್ಲಾನು. ಕೇಳಬೇಕಾದ್ದು ಬೇರೆ: ತಂತಿ ತುಂಡಾದರೆ ಎಷ್ಟು ಹೊತ್ತಿನಲ್ಲಿ ಜೋಡಿಸುತ್ತೀರಿ? ಇಲ್ಲಿ ರಸ್ತೆ ಅಗೆತ, ಪೈಪು ಹಾಕುವ ಕೆಲಸ ಸದಾ ಇದ್ದದ್ದೇ. ಜೆಸಿಬಿ ಒಮ್ಮೆ ಬಕೆಟ್ ಊರಿದರೆ ಇಡೀ ಓಣಿಯ ಲೈನು ಹೋಗುತ್ತದೆ.

ಬಂದ ಮೊದಲ ಮಳೆಗಾಲ ನನ್ನ ಲೈನು ನಾಲ್ಕು ದಿನ ಸತ್ತುಬಿದ್ದಿತ್ತು. ಸಹಾಯವಾಣಿಗೆ ಫೋನು ಮಾಡಿದರೆ ಇನ್ಯಾವುದೋ ರಾಜ್ಯದವರು ಎತ್ತಿ, 48 ತಾಸು ಕಾಯಿರಿ ಎಂದು ಹೇಳಿ ಇಡುತ್ತಿದ್ದರು. ಅಂದಿನಿಂದ ಎರಡು ಲೈನು ಇಟ್ಟಿದ್ದೇನೆ: ಒಂದು ದೊಡ್ಡ ಕಂಪನಿಯದು, ಇನ್ನೊಂದು ಓಣಿಯ ಕೇಬಲ್‌ನವರದು. ಕೇಬಲ್‌ನವರದು ತುಸು ನಿಧಾನ, ಆದರೆ ಹುಡುಗ ಫೋನು ಎತ್ತುತ್ತಾನೆ, ಅರ್ಧ ತಾಸಿನಲ್ಲಿ ಏಣಿ ಹೆಗಲ ಮೇಲೆ ಹೊತ್ತು ಬರುತ್ತಾನೆ. ಎರಡೂ ಲೈನು ಒಂದೇ ಕಂಬದಿಂದ ಬಾರದ ಹಾಗೆ ನೋಡಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್ ಮೂರನೆಯ ಆಸರೆ. ಮನೆ ಹಿಡಿಯುವ ಮೊದಲು ಕೋಣೆಯ ಬಾಗಿಲು ಹಾಕಿಕೊಂಡು ಸಿಗ್ನಲ್ ನೋಡಿ.

ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳ ಮೇಲೆ ಆಸೆಪಟ್ಟು ಬರುವವರಿಗೆ ಒಂದು ಮಾತು. ಆ ಮನೆಗಳು ಬೇಸಿಗೆಯಲ್ಲಿ ತಂಪು, ನೋಡಲು ಚೆಂದ. ಆದರೆ ಗೋಡೆ ಮೊಳದುದ್ದ ದಪ್ಪ. ಪಡಸಾಲೆಯ ರೂಟರಿನ ವೈಫೈ ಹಿಂದಿನ ಕೋಣೆ ಮುಟ್ಟುವುದಿಲ್ಲ. ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ತಂದು ಗೋಡೆಯ ಅಂಚಿಗೆ ಎಳೆದುಬಿಡಿ, ಮುಗಿಯಿತು.

ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಹೊತ್ತು ಅಡ್ಡಮಳೆ, ಸಿಡಿಲು. ಮೋಡ ಕಪ್ಪಾದದ್ದು ಕಂಡರೆ ರೂಟರಿನ ಪ್ಲಗ್ಗನ್ನು ಕಿತ್ತಿಟ್ಟು ಹಾಟ್‌ಸ್ಪಾಟಿಗೆ ಹೋಗಿ. ನಮ್ಮ ಓಣಿಯಲ್ಲಿ ಒಂದೇ ಸಂಜೆ ಐದು ಮನೆಯ ರೂಟರ್ ಸುಟ್ಟಿವೆ.

ಕರೆಂಟು?

ಹೆಸ್ಕಾಂ ಕರೆಂಟು ಸಾಧಾರಣ ದಿನಗಳಲ್ಲಿ ಚೆನ್ನಾಗಿದೆ. ಲೈನ್ ದುರಸ್ತಿ ಇದ್ದರೆ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ತೆಗೆಯುತ್ತಾರೆ. ಮುಂಚಿನ ದಿನದ ಪತ್ರಿಕೆಯಲ್ಲಿ ಪ್ರಕಟಣೆ ಇರುತ್ತದೆ, ಓದುವ ರೂಢಿ ಮಾಡಿಕೊಳ್ಳಿ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಒಂದು ಲ್ಯಾಪ್‌ಟಾಪ್, ಎರಡು ಫ್ಯಾನು, ನಾಲ್ಕು ದೀಪವನ್ನು ಐದಾರು ತಾಸು ಎಳೆಯುತ್ತದೆ. ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ರೂಟರ್ ಒಮ್ಮೆ ಆರಿ ಹೊತ್ತುವುದುಂಟು, ಆ ಎರಡು ನಿಮಿಷದಲ್ಲಿ ಕಾಲ್ ಕಡಿದುಹೋಗುತ್ತದೆ. ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ರೂಟರಿಗೇ ಹಾಕಿಡಿ.

ಗೃಹಜ್ಯೋತಿಯ ಬಗ್ಗೆಯೂ ಕೇಳುತ್ತಾರೆ. ಬಾಡಿಗೆ ಮನೆಯವರಿಗೂ ಸಿಗುತ್ತದೆ. ಮೀಟರಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ಹಿಂದಿದ್ದವರು ತಮ್ಮದನ್ನು ತೆಗೆಸಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸಬರಿಗೆ ರಾಜ್ಯದ ಸರಾಸರಿ 53 ಯುನಿಟ್‌ಗೆ ಶೇಕಡಾ ಹತ್ತು ಸೇರಿಸಿ ಸುಮಾರು 58 ಯುನಿಟ್ ಉಚಿತ ಎಂದು ಲೆಕ್ಕ ಹಾಕಿದ್ದಾರೆ. ದಿನಕ್ಕೆ ಒಂಬತ್ತು ತಾಸು ಲ್ಯಾಪ್‌ಟಾಪ್ ಓಡಿದರೂ ತಿಂಗಳಿಗೆ ಹತ್ತು ಹನ್ನೆರಡು ಯುನಿಟ್ ಅಷ್ಟೆ. ಬಿಲ್ಲು ಏರಿಸುವುದು ಗೀಸರ್.

ಮನೆಯಲ್ಲಿ ಇದ್ದರೆ "ಮನೆಯಲ್ಲೇ ಇದ್ದೀಯಲ್ಲ" ಅಂತಾರೆ. ಏನು ಮಾಡುವುದು?

ಈ ಪ್ರಶ್ನೆ ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಫೋನಿನಲ್ಲಿ ಮಾತಾಡಿದ್ದೂ ಇದರ ಬಗ್ಗೆಯೇ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರಿಗೆ ನಾವು ಏನು ಮಾಡುತ್ತೇವೆ ಎಂಬುದು ಗೊತ್ತಿರಲಿಲ್ಲ. ಇಲ್ಲಿ ಓಣಿಗೆ ಬಂದ ಮೂರನೆಯ ದಿನವೇ ಎಲ್ಲರಿಗೂ ಗೊತ್ತಾಗಿತ್ತು: ಇವರ ಸೊಸೆ ದಿನಾ ಮನೆಯಲ್ಲೇ ಇರುತ್ತಾಳೆ. ಮನೆಯಲ್ಲಿರುವವಳು ಎಂದರೆ ಬಿಡುವಾಗಿರುವವಳು ಎಂದು ಅರ್ಥ. ಹನ್ನೊಂದಕ್ಕೆ ಕೊರಿಯರ್ ಹುಡುಗ ಮೂರು ಮನೆಯ ಪಾರ್ಸೆಲ್ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದ. ಹನ್ನೆರಡಕ್ಕೆ ಗ್ಯಾಸ್ ಸಿಲಿಂಡರ್. ಎದುರುಮನೆಯ ಅಜ್ಜಿ ಬಟ್ಟಲಲ್ಲಿ ಗುರೆಳ್ಳು ಚಟ್ನಿಪುಡಿ ಹಿಡಿದು ಬಂದರೆ, "ಕೆಲಸದಲ್ಲಿದ್ದೇನೆ" ಎಂದು ಹೇಳಲು ನಾಲಿಗೆ ಬರುತ್ತಿರಲಿಲ್ಲ. ಊರಿಂದ ನೆಂಟರು ಹೈಕೋರ್ಟಿಗೆ, ಸತ್ತೂರಿನ ಆಸ್ಪತ್ರೆಗೆ ಎಂದು ಬಂದವರು ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಬರಲಿ, ಅದು ನಮ್ಮ ಕಡೆಯ ರೀತಿ. ಆದರೆ ರೊಟ್ಟಿ ಬಡಿಯುವವರು ಯಾರು? ಮೊದಲ ಆರು ತಿಂಗಳು ಹಗಲು ಮನೆಯ ಕೆಲಸ, ರಾತ್ರಿ ಹನ್ನೊಂದರವರೆಗೆ ಕಂಪನಿಯ ಕೆಲಸ ಮಾಡಿದೆ. ಯಾವ ಸಂಜೆಗಾಗಿ ಊರು ಬಿಟ್ಟು ಬಂದೆನೋ ಆ ಸಂಜೆಯೇ ಇಲ್ಲ.

ದಾರಿ ತೋರಿಸಿದವರು ಅತ್ತೆಯವರೇ. ಒಂದು ದಿನ ಅವರನ್ನು ಪಕ್ಕ ಕೂರಿಸಿಕೊಂಡು, ಹೆಡ್‌ಫೋನಿನ ಒಂದು ಬದಿಯನ್ನು ಅವರ ಕಿವಿಗೆ ಹಿಡಿದು ಮೀಟಿಂಗ್ ಕೇಳಿಸಿದೆ. ಇಂಗ್ಲಿಷ್ ಅವರಿಗೆ ತಿಳಿಯುವುದಿಲ್ಲ. ಆದರೆ ನನ್ನ ಹೆಸರು ಕರೆದದ್ದು, ನಾನು ಉತ್ತರ ಹೇಳಿದ್ದು, ಆ ಕಡೆಯವರು ಮತ್ತೆ ಮತ್ತೆ ಕೇಳಿದ್ದು ತಿಳಿಯಿತು. "ಇದು ಸಾಲಿ ಮಾಸ್ತರಕಿ ಇದ್ದಂಗ ಐತಲ್ಲವಾ, ನಡುವ ಎದ್ದು ಬರಾಕ ಆಗೂದಿಲ್ಲ" ಅಂದರು. ಮರುದಿನ ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಗೇಣುದ್ದದ ತುಂಡು ಕತ್ತರಿಸಿ ನನ್ನ ಕೋಣೆಯ ಬಾಗಿಲ ಚಿಲಕಕ್ಕೆ ಕಟ್ಟಿದರು. ಸೆರಗು ಕಟ್ಟಿದ್ದರೆ ಒಳಗೆ ಶಾಲೆ ನಡೆದಿದೆ, ಯಾರೂ ಕರೆಯುವಂತಿಲ್ಲ. ಬಿಚ್ಚಿದ್ದರೆ ಬರಬಹುದು. ಎದುರುಮನೆಯ ಅಜ್ಜಿಗೂ ಅವರೇ ಹೇಳಿದರು. ಈಗ ಅಜ್ಜಿ ಬಂದರೆ ಕಿಟಕಿಯಿಂದ ಚಿಲಕ ನೋಡಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಾರೆ.

ನನ್ನ ಅನುಭವದಲ್ಲಿ ಗಟ್ಟಿಯಾಗಿ ನಿಂತದ್ದು ಇಷ್ಟು. ಬಾಗಿಲಿರುವ ಒಂದು ಕೋಣೆ ಬೇಕೇ ಬೇಕು. ಪಡಸಾಲೆಯ ಮೂಲೆಯಲ್ಲಿ ಕೂತರೆ ಯಾರೂ ಕೆಲಸ ಎಂದು ಒಪ್ಪುವುದಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಹೊರಗಿನಿಂದ ತರಿಸಿ. ಇಲ್ಲಿ ಹೆಂಗಸರ ಸಂಘಗಳು, ರೊಟ್ಟಿ ಕೇಂದ್ರಗಳು ಎಣಿಸಿ ಕೊಡುತ್ತವೆ. ಕೆಲಸದ ಹೊತ್ತನ್ನು ಗಂಡನಿಗೆ, ಅತ್ತೆ-ಮಾವನಿಗೆ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ, ಮತ್ತೆ ಮತ್ತೆ ಹೇಳಿ. ಗಂಡ ಕೂಡ ಮನೆಯಿಂದಲೇ ಕೆಲಸ ಮಾಡುವವರಾದರೆ ಕುಕ್ಕರ್ ಕೂಗಿದಾಗ ಏಳುವವರು ಯಾರೆಂದು ಮೊದಲೇ ಮಾತಾಗಿರಲಿ. ನಮ್ಮಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಅವರ ಸರದಿ.

ಮನೆಯಲ್ಲಿ ಜಾಗವಿಲ್ಲದಿದ್ದರೆ ಕೂತು ಕೆಲಸ ಮಾಡಲು ಬೇರೆ ಜಾಗ ಉಂಟೇ?

ಹುಬ್ಬಳ್ಳಿಯಲ್ಲಿ ಉಂಟು. ಇಂದಿರಾ ಗಾಜಿನ ಮನೆಯ ಹತ್ತಿರದ ಐಟಿ ಪಾರ್ಕ್, ಗೋಕುಲ ರಸ್ತೆಯ ದೇಶಪಾಂಡೆ ಸ್ಟಾರ್ಟಪ್ಸ್ ಸುತ್ತಮುತ್ತ ಒಂದು ವಾತಾವರಣ ಬೆಳೆದಿದೆ. ಬಾಡಿಗೆಗೆ ಮೇಜು ಕೊಡುವ ಸಣ್ಣ ಜಾಗಗಳೂ ಇವೆ. ಧಾರವಾಡದಲ್ಲಿ ಅಂಥವು ಕಡಿಮೆ, ಆದರೆ ಇನ್ನೊಂದು ಇದೆ: ಸಪ್ತಾಪುರದ ರೀಡಿಂಗ್ ರೂಮುಗಳು. ಪರೀಕ್ಷೆಗೆ ಓದುವವರಿಗಾಗಿ ಇರುವ ಜಾಗ. ಒಂದು ಮೇಜು, ಒಂದು ದೀಪ, ಒಂದು ಪ್ಲಗ್ಗು, ವೈಫೈ, ಮುಂಜಾನೆಯಿಂದ ರಾತ್ರಿಯವರೆಗೆ ಸೂಜಿ ಬಿದ್ದರೂ ಕೇಳುವ ಮೌನ. ಕಾಲ್ ಮಾಡುವಂತಿಲ್ಲ. ಕೋಡು ಬರೆಯುವವರು, ಅನುವಾದ ಮಾಡುವವರು, ಲೆಕ್ಕಪತ್ರ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಅಕ್ಕಪಕ್ಕ ಹಠ ಹಿಡಿದು ಓದುತ್ತಿರುವ ಹುಡುಗರನ್ನು ನೋಡಿದರೆ ನಮ್ಮ ಕೈಯೂ ಚುರುಕಾಗುತ್ತದೆ. ಡೆಡ್‌ಲೈನ್ ವಾರಗಳಲ್ಲಿ ನಾನು ಅಲ್ಲಿಗೇ ಹೋಗುತ್ತೇನೆ.

ನನ್ನ ಟೀಮು ಅಮೆರಿಕದಲ್ಲಿದೆ. ರಾತ್ರಿ ಕೆಲಸಕ್ಕೆ ಈ ಊರು ಆದೀತೇ?

ಆದೀತು, ಆದರೆ ಊರು ಒಂಬತ್ತೂವರೆಗೆ ಮಲಗುತ್ತದೆ. ರಾತ್ರಿ ಒಂದಕ್ಕೆ ಹಸಿವಾದರೆ ಮನೆಯಲ್ಲಿದ್ದದ್ದೇ ಗತಿ. ನ್ಯೂಯಾರ್ಕಿನಲ್ಲಿ ಬೆಳಗ್ಗೆ ಹತ್ತು ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಅಮೆರಿಕದವರು ಗಡಿಯಾರ ತಿರುಗಿಸುವುದು ಮಾರ್ಚ್ ಎರಡನೆಯ ಭಾನುವಾರ, ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲರ ಮೀಟಿಂಗೂ ಅದಲುಬದಲು. ನವೆಂಬರಿನ ಆಸುಪಾಸಿನಲ್ಲೂ ಹಾಗೆಯೇ. ಮನೆಯವರಿಗೆ ಮೊದಲೇ ಹೇಳಿಡಿ.

ಬೆಳಗ್ಗೆ ಹತ್ತರವರೆಗೆ ಮಲಗುವವರಿಗೆ ಓಣಿ ಸಹಕರಿಸುವುದಿಲ್ಲ. ಹಾಲು, ತರಕಾರಿ ಗಾಡಿ, ಕಸದ ಗಾಡಿಯ ಹಾಡು, ಎಲ್ಲ ಆರೂವರೆಯಿಂದಲೇ. ಹಿಂಬದಿಯ ಕೋಣೆ ಇರುವ ಮನೆ ಹುಡುಕಿ.

ತಿಂಗಳಿಗೊಮ್ಮೆ ಬೆಂಗಳೂರಿನ ಆಫೀಸಿಗೆ ಹೋಗಬೇಕು. ಹೇಗೆ ಅನುಕೂಲ?

ರಾತ್ರಿ ರೈಲು. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಆಫೀಸು ಮುಗಿಸಿ ಅದರಲ್ಲೇ ವಾಪಸು ಹೊರಟರೆ ಮರುದಿನ ಮುಂಜಾನೆ ಧಾರವಾಡ. ದಿನಾಂಕ ಗೊತ್ತಾದ ಕೂಡಲೇ ಟಿಕೆಟ್ ಮಾಡಿಸಿ, ಹಬ್ಬದ ವಾರಗಳಲ್ಲಿ ಸಿಗುವುದಿಲ್ಲ. 2023ರ ಜೂನ್ 27ರಂದು ಶುರುವಾದ ವಂದೇ ಭಾರತ್ ಆರೂವರೆ ತಾಸಿನ ಆಸುಪಾಸಿನಲ್ಲಿ ಮುಟ್ಟಿಸುತ್ತದೆ, ಸೀಟೂ ಚೆನ್ನಾಗಿದೆ. ಆದರೆ ಅದು ಬೆಂಗಳೂರನ್ನು ಬೆಳಗ್ಗೆ ಬಿಟ್ಟು, ಧಾರವಾಡದಿಂದ ಮಧ್ಯಾಹ್ನ ತಿರುಗುವ ಗಾಡಿ. ಆಫೀಸಿನ ದಿನಕ್ಕೆ ಹೊಂದುವುದಿಲ್ಲ, ಅತ್ತೆ-ಮಾವಂದಿರ ಪ್ರಯಾಣಕ್ಕೆ ಒಳ್ಳೆಯದು. ತುರ್ತಿದ್ದರೆ ಹುಬ್ಬಳ್ಳಿಯಿಂದ ವಿಮಾನವಿದೆ.

ಹುಬ್ಬಳ್ಳಿಯಲ್ಲಿ ಹತ್ತುವವರಿಗೆ ಒಂದು ಸೂಚನೆ: ಅಲ್ಲಿನ ದೊಡ್ಡ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು. ವಯಸ್ಸಾದವರು, ಗಂಟುಮೂಟೆ ಜೊತೆಗಿದ್ದರೆ ಕೋಚ್ ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡು, ಇಪ್ಪತ್ತು ನಿಮಿಷ ಮೊದಲೇ ಹೋಗಿ.

ಊರು ಬದಲಿಸಿದ್ದನ್ನು ಕಂಪನಿಗೆ ಹೇಳಲೇಬೇಕೇ?

ಹೇಳಿ. ಬೆಂಗಳೂರಿನ ಹಳೆಯ ಬಾಡಿಗೆ ಕರಾರು ತೋರಿಸಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಿದ್ದಾರೆ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ನಿಜವಾಗಿ ಇರುವ ಮನೆಯ, ನಿಜವಾಗಿ ಕೊಡುವ ಬಾಡಿಗೆಯ ಮೇಲೆ ನಿಯಮದಂತೆ ವಿನಾಯಿತಿ ಸಿಗುತ್ತದೆ. ಕೆಲವು ಕಂಪನಿಗಳು ಊರಿನ ಲೆಕ್ಕದಲ್ಲಿ ಸಂಬಳ ಇಳಿಸುತ್ತವೆ. ಆ ಮಾತನ್ನು ಬರಹದಲ್ಲಿ ತೆಗೆದುಕೊಂಡ ಮೇಲೆಯೇ ಸಾಮಾನು ಲಾರಿಗೆ ಹೇರಿ. ವಾಪಸ್ ಕರೆದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ ಎಂಬುದೂ ಅದರಲ್ಲಿರಲಿ. ನನ್ನ ಗೆಳತಿಯೊಬ್ಬಳು ಮಗಳನ್ನು ಜೂನಿನಲ್ಲಿ ಇಲ್ಲಿಯ ಶಾಲೆಗೆ ಸೇರಿಸಿದಳು, ಆಗಸ್ಟಿನಲ್ಲಿ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕೆಂಬ ಮೇಲ್ ಬಂತು. ಆ ವರ್ಷವಿಡೀ ಅವಳು ವಾರಾಂತ್ಯದ ರೈಲಿನಲ್ಲೇ ಬದುಕಿದಳು.

ಸ್ವಂತ ಕೆಲಸ, ಫ್ರೀಲಾನ್ಸ್ ಮಾಡುವವರ ತೆರಿಗೆ?

ಸೇವೆಯ ವರಮಾನ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಉಳಿದದ್ದಕ್ಕೆ ಒಬ್ಬ ಸಿಎ ಹಿಡಿಯಿರಿ. ಹುಬ್ಬಳ್ಳಿ ವ್ಯಾಪಾರದ ಊರು, ಸಿಎಗಳಿಗೆ ಬರವಿಲ್ಲ. ಹೊರದೇಶದ ಹಣ ಬರುವುದಾದರೆ ಅದರ ಅನುಭವ ಇದೆಯೇ ಎಂದು ಮಾತ್ರ ಕೇಳಿ.

ಊಟ?

ಇದರ ಚಿಂತೆಯೇ ಬೇಡ. ಖಾನಾವಳಿಗೆ ಹೋದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಸಂಜೆ ಗಿರ್ಮಿಟ್, ಮಿರ್ಚಿ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಲೈನ್ ಬಜಾರಿನ ಪೇಡೆ ಅಂಗಡಿಗೆ ತಡವಾಗಿ ಹೋದರೆ ಖಾಲಿಯಾಗಿರುವುದೂ ಉಂಟು. ತರಕಾರಿಗೆ ಸೂಪರ್ ಮಾರ್ಕೆಟ್‌ಗೆ ಹೋಗಿ. ಹೆಸರು ಕೇಳಿ ಹವಾನಿಯಂತ್ರಿತ ಅಂಗಡಿ ಅಂದುಕೊಳ್ಳಬೇಡಿ, ಧಾರವಾಡದಲ್ಲಿ ಆ ಹೆಸರು ಊರ ನಡುವಿನ ಬಯಲು ಮಾರುಕಟ್ಟೆಯದು.

ನಾನು ಬೆಂಗಳೂರು-ಮೈಸೂರಿನ ಕಡೆಯವನು. ಭಾಷೆ ತೊಡಕಾಗುತ್ತದೆಯೇ?

ಎರಡು ವಾರ ಕಿವಿ ಒಗ್ಗಬೇಕು. ಗಂಟೆಗೆ ತಾಸು, ರಜೆಗೆ ಸೂಟಿ, ನಲ್ಲಿಗೆ ನಳ, ಬೇಗ ಎನ್ನಲು ಲಗೂನ. "ಅಡ್ಡಿಲ್ರಿ" ಎಂದರೆ ಒಪ್ಪಿಗೆ. ಹೊಸಬರು ಇದನ್ನು ಬೇಡ ಎಂದು ತಿಳಿದು ಎದ್ದುಹೋದದ್ದೂ ಇದೆ! ಮಾತಿನ ಕೊನೆಗೆ "ರೀ" ಇರಲಿ. ದೊಡ್ಡವರಿಗೆ ಕಾಕಾ, ಅಕ್ಕಾರ, ಅಜ್ಜಾರ ಎನ್ನಿ. ದನಿ ಗಟ್ಟಿ ಇದೆ ಎಂದು ಬೈಯುತ್ತಿದ್ದಾರೆ ಅಂದುಕೊಳ್ಳಬೇಡಿ, ಅದು ಅಕ್ಕರೆಯ ದನಿಯೇ.

ಆಸ್ಪತ್ರೆ, ಶಾಲೆ?

ಸತ್ತೂರಿನ ಎಸ್‌ಡಿಎಂ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಳೆಯ ಹೆಸರು ಕಿಮ್ಸ್) ದೊಡ್ಡವು. ಸಣ್ಣಪುಟ್ಟದಕ್ಕೆ ಓಣಿಯ ಡಾಕ್ಟರೇ ಸಾಕು. ಶಾಲೆ ಮನೆಯಿಂದ ಮೂರು ಕಿಲೋಮೀಟರ್ ಒಳಗೆ ಸಿಗುತ್ತದೆ. ನನ್ನ ಮಗಳು ಸೈಕಲ್ಲಿನಲ್ಲಿ ಹೋಗುತ್ತಾಳೆ.

ಗೆಳೆಯರೆಲ್ಲ ಬೆಂಗಳೂರಿನಲ್ಲಿ. ಒಂಟಿತನ ಕಾಡುವುದಿಲ್ಲವೇ?

ಕಾಡಿತು. ಮೊದಲ ಚಳಿಗಾಲ ಆಫೀಸಿನವರ ಜೊತೆ ಕುಡಿಯುತ್ತಿದ್ದ ನಾಲ್ಕು ಗಂಟೆಯ ಚಹಾ ನೆನೆದು ಅತ್ತಿದ್ದೇನೆ. ಪರದೆಯ ಮೇಲೆ ಮುಖ ಕಾಣುತ್ತದೆ, ಆದರೆ ಜೊತೆಗೆ ಕೂತು ಹರಟಿದ ಹಾಗೆ ಆಗುವುದಿಲ್ಲ.

ಈ ಊರಿನಲ್ಲಿ ಸಂಜೆಗೆ ಮಾತ್ರ ಕೊರತೆಯಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದಲ್ಲ ಒಂದು ಉಪನ್ಯಾಸ, ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರದಲ್ಲಿ ನಾಟಕ. ಮಲ್ಲಿಕಾರ್ಜುನ ಮನ್ಸೂರರ ಊರಿದು, ಗಂಗೂಬಾಯಿ ಹಾನಗಲ್ಲರು ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಿಂದುಸ್ತಾನಿ ಸಂಗೀತದ ಬೈಠಕ್ ಎಂದರೆ ಇಲ್ಲಿ ಜನ ಚಾಪೆಯ ಮೇಲೆ ಮೂರು ತಾಸು ಕದಲದೆ ಕೂರುತ್ತಾರೆ. ಬಹುತೇಕ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ನಾನು ಸಂಗೀತ ತಿಳಿದವಳಲ್ಲ. ಆದರೂ ಒಂದು ಮಳೆಯ ಸಂಜೆ ಮೊಣಕಾಲು ಮಡಚಿ ಕೂತು ಮಿಯಾ ಮಲ್ಹಾರ ಕೇಳಿದೆ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ತಂಬೂರಿ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಮಾಸ್ತರರು ಏನೂ ಪರಿಚಯವಿಲ್ಲದಿದ್ದರೂ ಎಲೆ-ಅಡಿಕೆ ಚೀಲ ನನ್ನ ಕಡೆ ಸರಿಸಿದರು. ಅವರ ಮನೆಯವರು, ನಾನು ಈಗ ಪ್ರತಿ ಶನಿವಾರ ಒಟ್ಟಿಗೆ ಸಂತೆ ಮಾಡುತ್ತೇವೆ.

ಇಲ್ಲಿರುವಾಗ ಕೆಲಸ ಹೋದರೆ?

ಇದನ್ನು ಮುಚ್ಚಿಡಬಾರದು. ಬೆಂಗಳೂರಿನಲ್ಲಿ ಕೆಲಸ ಹೋದರೆ ನಾಲ್ಕು ಕಂಪನಿಗೆ ನಡೆದುಕೊಂಡೇ ಹೋಗಿ ಬರಬಹುದು. ಇಲ್ಲಿ ನಮ್ಮ ಕ್ಷೇತ್ರದ ಕಂಪನಿಗಳು ಕೆಲವೇ, ಸಂಬಳವೂ ಕಡಿಮೆ. ಮನೆ ಖರ್ಚು ಕಡಿಮೆಯಾದದ್ದರಿಂದ ಉಳಿದ ಹಣವನ್ನು ಮೊದಲ ವರ್ಷ ಮುಟ್ಟದೆ ಇಟ್ಟರೆ ಎಂಟು ಹತ್ತು ತಿಂಗಳ ಆಸರೆಯಾಗುತ್ತದೆ. ಬಂದ ವರ್ಷವೇ ಸೈಟು ಕೊಂಡು ಸಾಲ ತಲೆಯ ಮೇಲೆ ಹೊರಬೇಡಿ. ಎಲ್ಲರೂ "ಈಗ ತಗೋರಿ, ಮುಂದ ಸಿಗೂದಿಲ್ಲ" ಅಂತಾರೆ. ಸಿಗುತ್ತದೆ.

ಬರುವ ಮೊದಲು ಒಮ್ಮೆ ನೋಡಿ ಹೋಗಬಹುದೇ?

ಹೋಗಲೇಬೇಕು. ಡಿಸೆಂಬರಿನಲ್ಲಿ ಬರಬೇಡಿ, ಆಗ ಎಲ್ಲ ಊರೂ ಚೆಂದ. ಜುಲೈನಲ್ಲಿ ಬಂದು ಎರಡು ವಾರ ಇರಿ. ಜಿಟಿಜಿಟಿ ಮಳೆ ಹಿಡಿದಿರುತ್ತದೆ, ಬಟ್ಟೆ ಒಣಗುವುದಿಲ್ಲ, ಕರೆಂಟು ಹೋಗಿ ಬರುತ್ತಿರುತ್ತದೆ. ರಜೆ ಹಾಕದೆ ಆ ಎರಡು ವಾರ ಪೂರ್ತಿ ಕೆಲಸ ಮಾಡಿ. ಮನಸ್ಸಿಗೆ ಬಂದ ಓಣಿಗೆ ಒಮ್ಮೆ ಬೆಳಗ್ಗೆ ಏಳಕ್ಕೆ, ಒಮ್ಮೆ ರಾತ್ರಿ ಒಂಬತ್ತಕ್ಕೆ ಹೋಗಿ ನಡೆದಾಡಿ. ಎದುರುಮನೆಯ ಬಾಗಿಲು ಬಡಿದು ನಳ ಯಾವಾಗ ಬರುತ್ತದೆ ಎಂದು ಕೇಳಿ. ದಿನ ಹೇಳಿ, "ಬರ್ರಿ, ಚಾ ಕುಡದ ಹೋಗ್ರಿ" ಅಂತಾರೆ. ಕೂತು ಕುಡಿಯಿರಿ. ಮನೆಯ ಬಗ್ಗೆ ಮಾಲೀಕರು ಹೇಳದೆ ಬಿಟ್ಟದ್ದೆಲ್ಲ ಆ ಅರ್ಧ ತಾಸಿನಲ್ಲಿ ತಿಳಿಯುತ್ತದೆ.